ನಮ್ಮ ಮನೆಯ ನಂಬರ್ ಒನ್ ಚಾನೆಲ್

ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಟಿ.ವಿ. ಹಚ್ಚಿದರೆ ಹೊರಗಿನ ಸುದ್ದಿ, ಮನೆಯೊಳಗಿನ ಸುದ್ದಿ ಎರಡೂ ಒಟ್ಟಿಗೇ ಶುರುವಾಗುತ್ತವೆ. ಆ ದಿನಗಳಲ್ಲಿ ನನಗಿದ್ದದ್ದು ಒಂದೇ ಚಿಂತೆ: ಎರಡು ವರ್ಷದ ಮಗಳು ಉಣ್ಣುತ್ತಿರಲಿಲ್ಲ. "ಮುಂದಿನ ಸಲ ಬರೂದರಾಗ ತೂಕ ಏರಲಿಲ್ಲಂದ್ರ ರಕ್ತ ತಗದು ನೋಡಬೇಕಾಗತೈತಿ" ಎಂದು ಕೇಶ್ವಾಪುರದ ಡಾಕ್ಟರು ಹೇಳಿದ್ದರು. ಸೂಜಿ ಕಂಡರೆ ಮಗಳಿಗಿಂತ ಮೊದಲು ಅಳುವವಳು ನಾನು. ಮನೆಯ ಉಳಿದವರ ಚಿಂತೆಯೇ ಬೇರೆ: ಯಾವ ನ್ಯೂಸ್ ಚಾನೆಲ್ ನಂಬರ್ ಒನ್?

ಡಬ್ಬಿ

ಚಾನೆಲ್‌ಗಳ ರೇಟಿಂಗ್ ಲೆಕ್ಕ ಮಾಡುವ ಕಂಪನಿಯವನೊಬ್ಬ ಬಂದು ಟಿ.ವಿ.ಗೆ ಒಂದು ಡಬ್ಬಿ ಹಚ್ಚಿದ. ಯಾರು ಏನು ನೋಡುತ್ತಾರೆ ಎಂದು ಅದು ಲೆಕ್ಕ ಇಡುತ್ತದಂತೆ. ರಿಮೋಟಿನಲ್ಲಿ ಮನೆಯ ಒಬ್ಬೊಬ್ಬರಿಗೂ ಒಂದು ಗುಂಡಿ. ನೋಡಲು ಕುಳಿತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಇಂಥ ಮನೆಗಳ ಲೆಕ್ಕ ಕೂಡಿಸಿ ಯಾವ ಚಾನೆಲ್ ಮೇಲೆ, ಯಾವುದು ಕೆಳಗೆ ಎಂದು ಹೇಳುತ್ತಾರಂತೆ.

"ಅಂದ್ರ ಯಾವುದು ಛಲೋ ಐತಿ ಅಂತ ಗೊತ್ತಾಗತೈತೇನ್ರಿ?" ಎಂದೆ.

"ಛಲೋ, ಕೆಟ್ಟ ಇದಕ್ಕ ತಿಳಿಯಂಗಿಲ್ರಿ ಅಕ್ಕಾರ. ಯಾರ ಗುಂಡಿ ಒತ್ತೈತಿ, ಅಷ್ಟ ತಿಳಿತೈತಿ."

"ಬೈಕೋತ ನೋಡಿದ್ರ?"

"ಅದನ್ನೂ ನೋಡಿದ್ರು ಅಂತನ ಹಿಡಿತೈತ್ರಿ."

ನನಗೆ ತಿಳಿಯಿತು. ನನ್ನ ಅಡುಗೆಯನ್ನು ಬೈಯುತ್ತಲೇ ಹೊಟ್ಟೆ ತುಂಬ ಉಣ್ಣುವ ಅತ್ತೆಯವರನ್ನು ನಾನೂ ಹಾಗೆಯೇ ಲೆಕ್ಕ ಹಿಡಿಯುತ್ತೇನೆ.

ಮತದಾನ

ಮಾವನವರದು ಒಂದು ಪಕ್ಷ. ಮೇಲಿನ ಮಹಡಿಯಲ್ಲಿರುವ ಅವರ ತಮ್ಮ, ಅಂದರೆ ನಮ್ಮ ಕಾಕಾ, ಇನ್ನೊಂದು ಪಕ್ಷ. ಇಬ್ಬರಿಗೂ ತಮ್ಮ ಪಕ್ಷವನ್ನು ಹೊಗಳುವ ಚಾನೆಲ್ಲೇ ಬೇಕು. ಮಾವನವರ ಚಾನೆಲ್‌ನ ನಿರೂಪಕ ಮೆತ್ತಗೆ ನಗುತ್ತಾನೆ. ಕಾಕಾನ ಚಾನೆಲ್‌ನವನು ಕಿರುಚುತ್ತಾನೆ.

ಒಂದು ಸಂಜೆ ನೋಡಿದರೆ ಮಾವನವರು ತಮ್ಮ ಚಾನೆಲ್ ಹಚ್ಚಿ, ಎಲ್ಲರ ಗುಂಡಿಯನ್ನೂ ಒತ್ತಿ, ಚಪ್ಪಲಿ ಮೆಟ್ಟಿ ಹೊರಟಿದ್ದರು.

"ಮಾವಾರ, ಕೂಸು ಮಲಗೈತಲ್ರಿ?"

"ಮಲಗಲಿ ಬಿಡವಾ. ಅದರ ಮತಾ ನಾನ ಹಾಕೇನಿ."

ಅವರು ಗೇಟು ದಾಟಿದ್ದೇ ತಡ, ಕಾಕಾ ಇಳಿದು ಬಂದು ತಮ್ಮ ಚಾನೆಲ್‌ಗೆ ತಿರುಗಿಸಿ ತಾವೂ ಹೊರಗೆ ಹೋದರು. ಹೀಗೆ ನಮ್ಮ ಮನೆಯಲ್ಲಿ ಎರಡೂ ಪಕ್ಷಕ್ಕೆ ಭರ್ಜರಿ ಬೆಂಬಲ. ಕಡೆಯ ತನಕ ನೋಡಿದ್ದು ಮಾತ್ರ ಗೋಡೆಯ ಮೇಲಿನ ಹಲ್ಲಿ. ಅದಕ್ಕೆ ಗುಂಡಿ ಕೊಟ್ಟಿರಲಿಲ್ಲ.

ಪಕ್ಷಾಂತರ

ಒಂದು ದಿನ ಕಾಕಾನ ನಿರೂಪಕ ಮೇಜು ಬಡಿದು ಕಿರುಚಿದ. ಮಗಳು ಬೆರಗಾಗಿ ಬಾಯಿ ತೆರೆದಳು. ತಡಮಾಡದೆ ಅನ್ನ-ಸಾರಿನ ತುತ್ತು ಇಟ್ಟೆ. ನುಂಗಿದಳು! ಅವನು ಮತ್ತೆ ಕಿರುಚಿದ, ಮತ್ತೊಂದು ತುತ್ತು. ಜಾಹೀರಾತು ಬಂತು, ಬಾಯಿ ಬಂದ್. ಮಾವನವರ ಚಾನೆಲ್ ಹಚ್ಚಿ ನೋಡಿದೆ. ಅಲ್ಲಿಯ ನಗೆಗೆ ಅವಳ ತುಟಿಯೂ ಅಲುಗಲಿಲ್ಲ.

ಅಂದಿನಿಂದ ದಿನಾ ಕಾಕಾನ ಚಾನೆಲ್. ಮಾವನವರ ಮುಖ ಬಾಡಿತು.

"ಏನವಾ, ನೀನೂ ಆ ಪಾರ್ಟಿ ಸೇರಿದ್ಯಾ?"

"ಇಲ್ರಿ ಮಾವಾರ. ಅವ ಒದರತಾನ, ಕೂಸು ಉಣತೈತಿ."

"ನೋಡಣ್ಣಾ," ಕಾಕಾ ಹಿಗ್ಗಿದರು, "ಗುಣಮಟ್ಟ ಅನ್ನೂದು ಕೂಸಿಗೂ ತಿಳಿತೈತಿ."

"ಹೌದ್ರಿ ಕಾಕಾರ, ಇವತ್ತ ಅವ ಏನ್ ಹೇಳಿದಾ?" ಎಂದು ಕೇಳಿದೆ.

ಅದು ಕಾಕಾಗೂ ಗೊತ್ತಿರಲಿಲ್ಲ.

ನಂಬರ್ ಒನ್

ಡಾಕ್ಟರ ಬಳಿ ಹೋಗುವ ಹಿಂದಿನ ಸಂಜೆ ಎರಡೂ ಚಾನೆಲ್‌ಗಳು "ನಾವೇ ನಂಬರ್ ಒನ್" ಎಂದು ಸಾರಿದವು. ಒಂದೇ ಲೆಕ್ಕದಲ್ಲಿ ಇಬ್ಬರು ಮೊದಲಿಗರು ಹೇಗೆ? ಆ ನಂಬರು ಬಂದದ್ದು ಗುಣಕ್ಕೋ, ಪಕ್ಷಕ್ಕೋ, ನನ್ನ ಅನ್ನ-ಸಾರಿಗೋ?

ಅಷ್ಟರಲ್ಲಿ ದೊಡ್ಡ ಆಪತ್ತು ಬಂತು. ಗೆದ್ದ ಖುಷಿಯಲ್ಲಿ ಕಾಕಾನ ನಿರೂಪಕ ಅಂದು ಕಿರುಚಲೇ ಇಲ್ಲ. ಕೈ ಮುಗಿದು, ಕಣ್ಣೊರೆಸಿಕೊಂಡು, "ವಿಚಾರವಂತ ವೀಕ್ಷಕರೇ" ಎಂದು ಮೆತ್ತಗೆ ಶುರುಮಾಡಿದ. ವಿಚಾರವಂತ ವೀಕ್ಷಕಿ ಬಾಯಿ ಬಿಗಿಹಿಡಿದು ಕುಳಿತಳು. ಅನ್ನ ತಣ್ಣಗಾಗತೊಡಗಿತು.

"ನಾಳೆ ಕೂಸಿಗೆ ಸೂಜಿ ಚುಚ್ಚಸವ್ರೇನ್ರಿ? ಇಬ್ಬರೂ ಕೂಡಿ ಏನರ ಮಾಡ್ರಿ!" ಎಂದು ಅಲ್ಲೇ ಕುಳಿತಿದ್ದ ಮಾವನವರಿಗೂ ಕಾಕಾಗೂ ಕೂಗಿ ಹೇಳಿದೆ.

ಮಾವನವರು ಟಿ.ವಿ. ಬಂದ್ ಮಾಡಿ ಅದರ ಮುಂದೆ ನಿಂತರು. "ಲೇ ತಮ್ಮಾ, ಸುಳ್ಳ ನಿಮ್ಮ ಪಾರ್ಟಿ ಮನಿದೇವರು!"

ಕಾಕಾ ತೊಡೆ ತಟ್ಟಿ ಎದ್ದರು. "ನಿಮ್ಮ ಪಾರ್ಟಿಗೆ ದೇವರ ಇಲ್ಲ, ಬರೇ ಪೂಜಾರಿಗೋಳು! ನಮ್ಮ ಓಣಿ ರಸ್ತಾ ಎಲ್ಲೈತಿ? ತೋರಸು!"

ಮಗಳ ಬಾಯಿ ತೆರೆಯಿತು.

"ಇನ್ನೊಂದೀಟು ಜೋರ್ರಿ ಕಾಕಾರ! ಮಾವಾರ, ನೀವು ಕೈ ಬೀಸಿ ಮಾತಾಡ್ರಿ!" ಎನ್ನುತ್ತ ತುತ್ತಿನ ಮೇಲೆ ತುತ್ತು ಇಟ್ಟೆ. ಬಟ್ಟಲು ಖಾಲಿಯಾಯಿತು. ಮರುದಿನ ತೂಕವೂ ಏರಿತ್ತು, ಸೂಜಿ ತಪ್ಪಿತು.

ಆದರೆ ಆ ಸಂಜೆ ಅಣ್ಣ-ತಮ್ಮ ಇಬ್ಬರೂ ಏದುಸಿರು ಬಿಡುತ್ತ ಕುಳಿತಿದ್ದಾಗ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆಯವರ ದನಿ ಬಂತು:

"ಯಾಕ ಬಂದ್ ಮಾಡಿದ್ರಿ? ಯಾವ ಚಾನೆಲ್ಲೋ ಏನೋ, ಇವತ್ತ ಚರ್ಚಾ ಭಾಳ ಛಲೋ ನಡದಿತ್ತು!"