ಫ್ಲೂ ಮೇಷ್ಟ್ರ ಮಹೋಪನ್ಯಾಸ

ಜೀವಶಾಸ್ತ್ರದ ಮೇಷ್ಟ್ರಿಗೆ ವಿಭಾಗದ ಮುಖ್ಯಸ್ಥರ ಕುರ್ಚಿಯ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಫ್ಲೂ ಬಗ್ಗೆ ತಾವು ಮಾಡಲಿರುವ ಭಾಷಣವನ್ನು ಪ್ರಾಂಶುಪಾಲರು ಒಮ್ಮೆ ಕೇಳಿದರೆ ಸಾಕು, ಕುರ್ಚಿ ತಮ್ಮದೇ ಎಂದು ನಂಬಿ ಮನೆಯಲ್ಲಿ ತಾಲೀಮು ಹಚ್ಚಿಕೊಂಡಿದ್ದರು. ಶ್ರೋತೃವೃಂದವೆಂದರೆ ಹೆಂಡತಿ ಒಬ್ಬಳೇ. (ಮಡಿಸುವ ಬಟ್ಟೆ ರಾಶಿ ಬಿದ್ದಿದ್ದರಿಂದ ಆಕೆ ಎದ್ದು ಹೋಗುವಂತಿರಲಿಲ್ಲ.)

“ವೈರಸ್ಸು ಬರಿಗೈಯಲ್ಲಿ ಬರುತ್ತೆ. ನಮ್ಮ ಜೀವಕೋಶದೊಳಗೆ ನುಗ್ಗಿ, ನಮ್ಮದೇ ಸಾಮಾನು ಬಳಸಿ, ತನ್ನಂಥವೇ ಸಾವಿರಾರು ಪ್ರತಿ ಮಾಡಿಸ್ಕೊಳ್ಳುತ್ತೆ.”

“ನಿಮ್ಮಣ್ಣ ಸಂಸಾರ ಸಮೇತ ಬಂದಿಳೀತಾರಲ್ಲ, ಹಾಗೆ.”

ಮೇಷ್ಟ್ರು ಕೇಳಿಸದವರಂತೆ ಮುಂದುವರಿಸಿದರು. “ಅವಸರದ ಕೆಲಸ, ತಿದ್ದೋರು ಯಾರೂ ಇಲ್ಲ. ಪ್ರತಿಗಳಲ್ಲಿ ತಪ್ಪಾಗುತ್ತೆ. ಕೆಲವು ತಪ್ಪಿಂದ ಹೊರಮೈ ಬದಲಾಗಿ, ನಮ್ಮ ದೇಹದ ಕಾವಲಿಗೆ ಗುರುತೇ ಸಿಗಲ್ಲ. ಎರಡು ಬಗೆಯವು ಒಂದೇ ಕೋಶಕ್ಕೆ ಹೊಕ್ಕರಂತೂ ತುಂಡುಗಳು ಅದಲುಬದಲಾಗಿ ಹೊಸ ತಳಿಯೇ ಹುಟ್ಟಬಹುದು! ಅದಕ್ಕೇ ಪ್ರತಿ ವರ್ಷ ಲಸಿಕೆ ಬೇಕು.”

“ಈ ವರ್ಷದ್ದು ನೀವು ಹಾಕಿಸ್ಕೊಂಡ್ರಾ?”

“ನನಗ್ಯಾಕೆ? ಹೋದ ವರ್ಷದ್ದು ಇದೆಯಲ್ಲ!”

“ಈಗ ತಾನೇ ಹೇಳಿದ್ರಿ...”

“ಅದು ಜನರಿಗೆ ಹೇಳೋದು ಕಣೇ!”

ಭಾಷಣದ ದಿನ ಬೆಳಿಗ್ಗೆ ಮೇಷ್ಟ್ರ ಮೈ ಕಾದ ಹೆಂಚಾಗಿತ್ತು, ಮೂಗು ನಲ್ಲಿಯಾಗಿತ್ತು.

“ಇದು ಫ್ಲೂನೇ. ಹೋಗ್ಬೇಡಿ ಅಂದ್ರೆ,” ಎಂದಳು ಹೆಂಡತಿ.

“ಧೂಳಿನ ಅಲರ್ಜಿ! ವಿಜ್ಞಾನಿ ನೀನೋ, ನಾನೋ?” ಎಂದು ಗದರಿ, ಮೇಷ್ಟ್ರು ಹೊರಟೇಬಿಟ್ಟರು.

ಕಿಟಕಿ ಮುಚ್ಚಿದ ಸಭಾಂಗಣ. ಮುಂದಿನ ಸಾಲಿನಲ್ಲಿ ಪ್ರಾಂಶುಪಾಲರು, ಹಿಂದೆ ಇಡೀ ಅಧ್ಯಾಪಕ ವರ್ಗ. ‘ರೋಗ ಹರಡುವ ಬಗೆ’ ಎನ್ನುವಷ್ಟರಲ್ಲಿ ಮೇಷ್ಟ್ರಿಗೆ ಬಂದ ಸೀನಿಗೆ ಪ್ರಾಂಶುಪಾಲರ ಕನ್ನಡಕ ಮಂಜಾಯಿತು. ಪ್ರಾತ್ಯಕ್ಷಿಕೆ ಎಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಉಬ್ಬಿಹೋದ ಮೇಷ್ಟ್ರು ಇನ್ನೂ ನಾಲ್ಕು ಸಲ ಸೀನಿದರು.

ಅದೇ ವಿಭಾಗದಲ್ಲಿದ್ದ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಮಾತ್ರ ಬಂದಿರಲಿಲ್ಲ. “ಆ ಕೊರೆತ ಯಾರು ಕೇಳ್ತಾರೆ?” ಎಂದು ಮನೆಯಲ್ಲಿ ಗಡದ್ದಾಗಿ ನಿದ್ದೆ ಹೊಡೆದಿದ್ದರು.

ಎರಡು ದಿನ ಕಳೆಯುವಷ್ಟರಲ್ಲಿ ಸಭೆಗೆ ಸಭೆಯೇ ಹಾಸಿಗೆ ಹಿಡಿಯಿತು. ನೆಟ್ಟಗೆ ನಿಂತಿದ್ದವರು ಸಸ್ಯಶಾಸ್ತ್ರದವರೊಬ್ಬರೇ. ಎಲ್ಲರ ಪಾಠ ಅವರೇ ಮಾಡಿದರು, ಪ್ರಾಂಶುಪಾಲರ ಮನೆಗೆ ಔಷಧಿಯನ್ನೂ ಮುಟ್ಟಿಸಿದರು.

ಕಂಬಳಿಯೊಳಗೆ ನರಳುತ್ತಿದ್ದ ಮೇಷ್ಟ್ರ ಮೊಬೈಲಿಗೆ ಪ್ರಾಂಶುಪಾಲರ ಆದೇಶ ಬಂತು. ಕಣ್ಣು ಬಿಡಲಾಗದೆ ಹೆಂಡತಿಗೆ ಕೊಟ್ಟರು.

“ಏನಂತೆ? ಕುರ್ಚಿ ನಂದೇ ತಾನೇ?”

ಆಕೆ ಗಂಟಲು ಸರಿಮಾಡಿಕೊಂಡು ಓದಿದಳು: “‘ಫ್ಲೂ ಕುರಿತು ಅವರಿಗಿರುವ ಆಳವಾದ ತಿಳಿವಳಿಕೆಯನ್ನು ಮೆಚ್ಚಿ, ಸಸ್ಯಶಾಸ್ತ್ರದ ಮೇಷ್ಟ್ರನ್ನು ವಿಭಾಗದ ಮುಖ್ಯಸ್ಥರನ್ನಾಗಿ ನೇಮಿಸಲಾಗಿದೆ.’”