ಒಂಬತ್ತು ಸಾಲಿನ ತೂತು

ಕಾಲುಚೀಲದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತೂತು ಹುಡುಕಿದ ಮನುಷ್ಯನನ್ನು ನಿವೃತ್ತಿ ಮಾಡಿ ಮನೆಗೆ ಕಳಿಸಿದರೆ ಅವನ ಹೆಂಡತಿಯ ಗತಿಯೇನು ಎಂದು ಯಾರೂ ಯೋಚಿಸುವುದಿಲ್ಲ. ಭಾಷಣ ಮಾಡುತ್ತಾರೆ, ಒಂದು ಗೋಡೆ ಗಡಿಯಾರ ಕೊಡುತ್ತಾರೆ, ಅಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ಈ ಕತೆಯ ಯಜಮಾನರು ಆ ಗಡಿಯಾರವನ್ನು ಮನೆಗೆ ತಂದ ದಿನವೇ ಅದು ನಿಮಿಷಕ್ಕೆ ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ ಎಂದು ಕಂಡುಹಿಡಿದರು.

ಕಾರ್ಖಾನೆಯಲ್ಲಿ ಅವರನ್ನು ಎದುರಿಗೆ ಸಾರ್ ಎಂದೂ ಬೆನ್ನ ಹಿಂದೆ ಭೂತಗನ್ನಡಿ ಎಂದೂ ಕರೆಯುತ್ತಿದ್ದರು. ಕಾಲುಚೀಲದೊಳಕ್ಕೆ ಕೈ ತೂರಿಸಿ, ಬೆಳಕಿಗೆ ಹಿಡಿದು, ಹೆಣಿಗೆಯಲ್ಲಿ ಒಂದು ಕುಣಿಕೆ ಬಿಟ್ಟಿದ್ದರೂ ಪಟ್ಟನೆ ಹಿಡಿಯುತ್ತಿದ್ದರು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಬೇಕಲ್ಲ. ದಿಂಬಿನ ಚೀಲ, ಕಿಟಕಿಯ ಪರದೆ, ಸೊಳ್ಳೆಪರದೆ ಎಲ್ಲವೂ ತಪಾಸಣೆಗೆ ಒಳಗಾದವು. (ಒಂದು ಬೆಳಿಗ್ಗೆ ಅರೆನಿದ್ದೆಯಲ್ಲಿ ಟೀ ಸೋಸುವ ಜಾಲರಿಯನ್ನು ಬೆಳಕಿಗೆ ಹಿಡಿದು "ಇದರ ತುಂಬಾ ತೂತು ಕಣೇ" ಅಂದರು ಎಂದು ಮನೆಯೊಡತಿ ಹೇಳುತ್ತಾರೆ. ಯಜಮಾನರು ಇದನ್ನು ಒಪ್ಪುವುದಿಲ್ಲ.)

ಮನೆಯೊಡತಿಗೆ ಹೆಣಿಗೆಯ ಹುಚ್ಚು. ಮದುವೆಯಾದ ಹೊಸದರಲ್ಲಿ ಎರಡು ತಿಂಗಳು ಕೂತು ಗಂಡನಿಗೊಂದು ಸ್ವೆಟರ್ ಹೆಣೆದಿದ್ದರು. ಗಂಡ ಅದನ್ನು ತೊಟ್ಟುಕೊಳ್ಳಲಿಲ್ಲ. ಒಳಹೊರಗು ಮಾಡಿದರು, ಕಿಟಕಿಯ ಬಳಿ ಒಯ್ದರು, ಕನ್ನಡಕ ಒರೆಸಿಕೊಂಡರು. ಆಮೇಲೆ, "ಬಲಗಂಕುಳಲ್ಲಿ ಎರಡು ಕುಣಿಕೆ ಬಿಟ್ಟಿದೆ. ಎರಡನೇ ದರ್ಜೆ" ಅಂದರು. ಕಾರ್ಖಾನೆಯಲ್ಲಿ ಎರಡನೇ ದರ್ಜೆ ಅಂದರೆ ಕಡಿಮೆಯ ಮಾತಲ್ಲ, ಮೂರನೆಯದೂ ಇತ್ತು. ಆದರೆ ಮನೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲವೆಂದು ಅವರಿಗೆ ಅರ್ಥವಾಗುವ ಹೊತ್ತಿಗೆ ಸ್ವೆಟರ್ ಬಿಚ್ಚಿ ಉಂಡೆಯಾಗಿತ್ತು. ಅಂದಿನಿಂದ ಆಕೆ ಪಕ್ಕದ ಮನೆ ಮಕ್ಕಳಿಗೆ ಹೆಣೆದರು, ಕುರ್ಚಿಗೆ ಹೆಣೆದರು, ಹೂಕುಂಡಕ್ಕೆ ಹೆಣೆದರು. ಗಂಡನಿಗೆ ಮಾತ್ರ ಹೆಣೆಯಲಿಲ್ಲ. ಅದು ಯಜಮಾನರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಕ್ಷಮಿಸು ಅನ್ನಲು ಮೂವತ್ತು ವರ್ಷದಿಂದ ಸರಿಯಾದ ಹೊತ್ತು ಹುಡುಕುತ್ತಲೇ ಇದ್ದರು.

ಈ ನಡುವೆ ಹೆಣಿಗೆಗೆ ಇದ್ದಕ್ಕಿದ್ದಂತೆ ಶುಕ್ರದೆಸೆ ಬಂತು. ಯಾವುದೋ ಧಾರಾವಾಹಿಯ ನಾಯಕಿ ಕೊಕ್ಕೆಸೂಜಿಯ ಕ್ರೋಶಾ ಹೆಣಿಗೆಯ ಚೀಲ ಹೆಗಲಿಗೆ ಹಾಕಿಕೊಂಡಳೆಂದು ಊರಿನ ಉಣ್ಣೆ ಅಂಗಡಿ ಒಂದೇ ವಾರದಲ್ಲಿ ಖಾಲಿಯಾಯಿತು. ಎಲ್ಲೆಲ್ಲೋ ಜನ ಮರಗಳಿಗೆ ಸ್ವೆಟರ್ ತೊಡಿಸುತ್ತಾರಂತೆ, ಇಡೀ ಬಸ್ಸಿಗೆ ಕವಚ ಹೆಣೆಯುತ್ತಾರಂತೆ, ಅದನ್ನು ಕಲೆ ಎಂದು ಪೇಪರಿನಲ್ಲಿ ಹಾಕುತ್ತಾರಂತೆ. ಅಂಥದ್ದೇ ಒಂದು ಚೀಲ ಹೆಣೆಸಿಕೊಳ್ಳಲು ಮನೆಗೆ ಬಂದ ಹುಡುಗಿಯೊಬ್ಬಳು ಚಿತ್ರಶಾಲೆಯಲ್ಲಿ ಪ್ರದರ್ಶನ ಏರ್ಪಡಿಸುವವಳು. ಅವಳ ಕಣ್ಣು ಕುರ್ಚಿಯ ಮೇಲಿದ್ದ ಉದ್ದನೆಯ ಪಟ್ಟೆಪಟ್ಟೆಯ ಹೆಣಿಗೆಯ ಮೇಲೆ ಬಿತ್ತು. ಮನೆಯೊಡತಿ ಒಂದು ವರ್ಷದಿಂದ ದಿನಕ್ಕೊಂದೇ ಸಾಲು ಹಾಕುತ್ತಿದ್ದ ಹೊದಿಕೆ ಅದು. ಇಬ್ಬರೂ ಅಡುಗೆಮನೆಯಲ್ಲಿ ಒಂದು ಗಂಟೆ ಗುಸುಗುಸು ಮಾತಾಡಿದರು. ಹೊರಬಂದಾಗ ಹುಡುಗಿಯ ಕಣ್ಣು ಒದ್ದೆಯಾಗಿತ್ತು.

"ಆಂಟಿ, ಇದು ಸಮಕಾಲೀನ ಕಲೆ" ಅಂದಳು.

"ಹೊದಿಕೆ ಕಣಮ್ಮ ಇದು" ಅಂದರು ಮನೆಯೊಡತಿ. ಆದರೆ ಕೆನ್ನೆ ಕೆಂಪಾಗಿತ್ತು.

ದಿನಕ್ಕೊಂದು ಸಾಲು ಯಾಕೆ ಎಂಬುದನ್ನು ಯಜಮಾನರು ಮೊದಲೇ ಪತ್ತೆಮಾಡಿದ್ದರು. ಆಯಾ ದಿನದ ಹವಾಮಾನಕ್ಕೆ ತಕ್ಕ ಬಣ್ಣದಲ್ಲಿ ಹೆಣೆಯುವವರ ಬಗ್ಗೆ ಪೇಪರಿನಲ್ಲಿ ಓದಿದ್ದರಲ್ಲ. ಕೆಂಪು ಅಂದರೆ ಬಿಸಿಲು, ಹಸಿರು ಅಂದರೆ ತಂಪು, ಹಳದಿ ಅಂದರೆ ಹಿತವಾದ ಬೆಳಕು. "ಹೌದು ತಾನೇ?" ಎಂದು ಕೇಳಿದರು. "ಹೂಂ, ಹಾಗೇ ಅಂದ್ಕೊಳ್ಳಿ" ಅಂದರು ಆಕೆ. ಈ ವರ್ಷ ಇಷ್ಟೊಂದು ಕೆಂಪು ಯಾಕೆ ಬಂತು, ನಾನು ಆಸ್ಪತ್ರೆ ಸೇರಿದ್ದ ದಿನಗಳ ಮಾತು ಬಿಟ್ಟರೆ ನಮಗೆ ಅಷ್ಟು ಸೆಖೆ ಗೊತ್ತೇ ಆಗಲಿಲ್ಲವಲ್ಲ ಎಂದು ಯಜಮಾನರಿಗೆ ಸ್ವಲ್ಪ ಆಶ್ಚರ್ಯವಾಗಿತ್ತು, ಅಷ್ಟೆ.

ಪ್ರದರ್ಶನ ಹತ್ತಿರ ಬಂದಂತೆ ಮನೆಯೊಡತಿ ಹೊಸ ಬಟ್ಟೆಯನ್ನು ಮೂರು ಸಲ ಉಟ್ಟು ಬಿಚ್ಚಿಟ್ಟರು. ಐವತ್ತೆಂಟು ವರ್ಷದ ಬದುಕಿನಲ್ಲಿ ಆಕೆಯ ಕೈಕೆಲಸವನ್ನು ನೋಡಲೆಂದೇ ಜನ ಬರುತ್ತಿದ್ದುದು ಇದೇ ಮೊದಲು. ಗಂಡನ ಹತ್ತಿರ ಒಂದೇ ಒಂದು ಕೇಳಿಕೊಂಡರು.

"ಈ ಸಲ ಏನೂ ಹೇಳಬೇಡಿ. ಆ ಹೊದಿಕೆನ ಬೆಳಕಿಗೆ ಹಿಡೀಬೇಡಿ. ನನಗೋಸ್ಕರ."

"ನಾನ್ಯಾಕೆ ಹಿಡೀಲಿ?" ಅಂದರು ಯಜಮಾನರು. ಮನಸ್ಸಿನಿಂದಲೇ ಅಂದರು.

ಮರುದಿನ ಮಧ್ಯಾಹ್ನ ಆಕೆ ತಂಗಿಯ ಮನೆಗೆ ಹೋದರು. ಹೊದಿಕೆ ಸುತ್ತಿಕೊಂಡು ಮೇಜಿನ ಮೇಲಿತ್ತು, ಸಂಜೆ ಚಿತ್ರಶಾಲೆಯ ಗಾಡಿ ಬರುವುದಿತ್ತು. ಯಜಮಾನರು ಮೇಜಿನ ಸುತ್ತ ನಾಲ್ಕು ಸಲ ಓಡಾಡಿದರು. ಒಂದು ತುದಿಯನ್ನು ಸುಮ್ಮನೆ ಮುಟ್ಟಿದರು. ಮುಟ್ಟುವುದು ಬೇರೆ, ಹಿಡಿಯುವುದು ಬೇರೆ ಎಂದು ಸಮಾಧಾನ ಹೇಳಿಕೊಳ್ಳುತ್ತಲೇ ಅದನ್ನು ಪೂರ್ತಿ ಬಿಚ್ಚಿ ಕಿಟಕಿಯ ಮುಂದೆ ಹರವಿದರು. ನಡುವಿನಲ್ಲಿ, ಕೆಂಪಿನ ಮಧ್ಯೆ, ನಾಲ್ಕು ಬೆರಳಗಲದ ಖಾಲಿ ಜಾಗ. ಮೇಲಿನ ಭಾಗವನ್ನೂ ಕೆಳಗಿನ ಭಾಗವನ್ನೂ ಎರಡು ಅಂಚಿನಲ್ಲಿ ಒಂದೊಂದು ಎಳೆ ಹಿಡಿದಿತ್ತು. ಉಳಿದದ್ದೆಲ್ಲ ತೂತು.

ಊರಿನವರೆಲ್ಲ ನಾಳೆ ನೋಡುವ ವಸ್ತುವಿನಲ್ಲಿ ಇಷ್ಟು ದೊಡ್ಡ ತೂತು. ಪಾಪ, ಆಕೆಯ ಕಣ್ಣು ಮಂಜಾಗಿರಬೇಕು, ತಾನಂತೂ ವರ್ಷಗಟ್ಟಲೆ ಆಕೆಯ ಹೆಣಿಗೆಯನ್ನು ಕೈಗೆತ್ತಿ ನೋಡಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾಳೆ. ಹೇಳದಿದ್ದರೆ ಜನ ನಗುತ್ತಾರೆ. ಹಾಗಾದರೆ ಹೇಳದೆ ಸರಿಮಾಡುವುದೇ ದಾರಿ. ಇಷ್ಟು ವರ್ಷ ತೂತು ತೋರಿಸಿದ್ದೇ ಆಯಿತು, ಒಂದನ್ನಾದರೂ ಮುಚ್ಚೋಣ ಎಂದುಕೊಂಡರು. ಆ ಹಳೆಯ ಸ್ವೆಟರಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಹೊತ್ತು ಕೊನೆಗೂ ಬಂದಿತ್ತು.

ಬುಟ್ಟಿಯಿಂದ ಕೆಂಪು ಉಣ್ಣೆ ತೆಗೆದರು. ಮೇಲೂ ಕೆಂಪು ಕೆಳಗೂ ಕೆಂಪು ಇದ್ದಾಗ ನಡುವೆ ಇನ್ನಾವ ಬಣ್ಣ ಬಂದೀತು? ಅಳೆದು ನೋಡಿದರೆ ಸರಿಯಾಗಿ ಒಂಬತ್ತು ಸಾಲು. ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಕಲಿತ ಹೆಣಿಗೆ ಕೈಗೆ ಮರೆತಿರಲಿಲ್ಲ. ಹೆಣೆದರು. ಕೊನೆಯ ಸಾಲನ್ನು ಕಾಲುಚೀಲದ ಬೆರಳ ತುದಿ ಮುಚ್ಚುವ ಹಾಗೆ, ಸೂಜಿಯಲ್ಲಿ ಒಂದೊಂದೇ ಕುಣಿಕೆ ಎತ್ತಿ, ಗಂಟೇ ಕಾಣದಂತೆ ಕೂಡಿಸಿದರು. ಮೂರು ಗಂಟೆ ಹಿಡಿಯಿತು, ಸೊಂಟ ಹಿಡಿದುಕೊಂಡಿತು. ಆದರೆ ಭೂತಗನ್ನಡಿಯ ಕಣ್ಣಿಗೂ ಬೆಸುಗೆ ಸಿಗದಷ್ಟು ಚೊಕ್ಕಟವಾಗಿತ್ತು. ಗಾಡಿ ಬಂದಾಗ ಸುತ್ತಿ ಕೊಟ್ಟು, ಏನೂ ಅರಿಯದವರಂತೆ ಪೇಪರ್ ಓದುತ್ತ ಕೂತರು.

ಪ್ರದರ್ಶನದ ಸಂಜೆ ಯಜಮಾನರು ಕೋಟು ಹಾಕಿಕೊಂಡು ಹೊದಿಕೆಯ ಪಕ್ಕದಲ್ಲೇ ನಿಂತರು. ಮನೆಯೊಡತಿಯನ್ನು ಯಾರೋ ಬಾಗಿಲ ಬಳಿ ಮಾತಿಗೆ ಹಿಡಿದಿದ್ದರು. ಜನ ಬರುತ್ತಿದ್ದ ಹಾಗೆ ಇವರೇ ವಿವರಣೆ ಶುರುಮಾಡಿದರು.

"ನೋಡಿ, ಕೆಂಪು ಇದೆಯಲ್ಲ, ಅದು ವಿಪರೀತ ತಾಪ. ಈ ವರ್ಷ ಒಟ್ಟು ಇನ್ನೂರಕ್ಕೂ ಹೆಚ್ಚು ದಿನ ಇತ್ತು. ಹಳದಿ ಬಹಳ ಅಪರೂಪ, ನಾಲ್ಕೇ ದಿನ. ಎಲ್ಲಾ ವಾತಾವರಣದ ಏರುಪೇರು."

ಗಡ್ಡದವರೊಬ್ಬರು ಗೋಡೆಯ ಮೇಲಿನ ಚೀಟಿ ಓದಿ, ಇವರನ್ನು ನೋಡಿ, ಮತ್ತೆ ಚೀಟಿ ಓದಿದರು.

"ಆ ವಾತಾವರಣ ನೀವೇನಾ ಸಾರ್?" ಎಂದು ಕೇಳಿದರು.

ಯಜಮಾನರು ಕನ್ನಡಕ ಏರಿಸಿ ಚೀಟಿಗೆ ಮುಖ ಹಚ್ಚಿದರು. ಅದರಲ್ಲಿ ಹೀಗಿತ್ತು: 'ಒಂದು ವರ್ಷ. ಉಣ್ಣೆ. ದಿನಕ್ಕೆ ಒಂದು ಸಾಲು. ಕೆಂಪು: ಪತಿ ತಪ್ಪು ಹುಡುಕಿದ ದಿನ. ಹಸಿರು: ಹುಡುಕಿದರೂ ಸಿಗದ ದಿನ. ಹಳದಿ: ಚೆನ್ನಾಗಿದೆ ಎಂದ ದಿನ. ನಡುವಿನ ತೂತು: ಪತಿ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ ಒಂಬತ್ತು ದಿನ.'

ಮೊದಲು ಕಿವಿ ಬಿಸಿಯಾಯಿತು. ಕೊನೆಯ ಸಾಲನ್ನು ಮತ್ತೊಮ್ಮೆ ಓದಿದರು. ಅಷ್ಟರಲ್ಲಿ ಸುತ್ತಲಿನವರೆಲ್ಲ ತೂತು ಹುಡುಕಲು ತೊಡಗಿದ್ದರು. ಒಬ್ಬರು ಬಗ್ಗಿ ನೋಡಿದರು, ಒಬ್ಬರು ಹಿಂದೆ ಹೋಗಿ ನೋಡಿದರು. "ತೂತು ಎಲ್ಲಿದೆ?" "ಕಾಣ್ತಾನೇ ಇಲ್ಲ." ಬಹುಶಃ ಕಾಣದಿರುವುದೇ ಅದರ ಅರ್ಥ ಎಂದು ಗಡ್ಡದವರು ತಲೆದೂಗಿದರು. ಚಿತ್ರಶಾಲೆಯ ಹುಡುಗಿ ಓಡಿ ಬಂದಳು. ನೇತುಹಾಕಿದ್ದು ಕೆಲಸದವರು, ಅವಳು ಚೀಟಿ ಬರೆದದ್ದು ಹಳೆಯ ಫೋಟೋ ನೋಡಿಕೊಂಡು. ಅವಳ ಮುಖ ಬಿಳುಚಿಕೊಂಡಿತು.

"ಆಂಟಿ, ಸ್ವಲ್ಪ ಇಲ್ಲಿ ಬನ್ನಿ. ತೂತು ಕಳೆದುಹೋಗಿದೆ."

ಮನೆಯೊಡತಿ ಬಂದು ಹೆಣಿಗೆಯ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಕೆಂಪಿನ ನಡುವೆ ಒಂದು ಕಡೆ ಬೆರಳು ನಿಂತಿತು. ಲೋಕದ ಕಣ್ಣಿಗೆ ಕಾಣದ್ದು ಆಕೆಯ ಬೆರಳಿಗೆ ಸಿಕ್ಕಿತು.

"ಕಾಲುಚೀಲದ ತುದಿ" ಅಂದರು, ಗಂಡನ ಕಡೆ ನೋಡದೆ. "ಯಾವಾಗ ಮಾಡಿದ್ರಿ?"

"ನೀನು ತಂಗಿ ಮನೆಗೆ ಹೋದಾಗ. ನಾನು ತೂತು ಅಂದ್ಕೊಂಡೆ ಕಣೇ."

"ತೂತೇ ರೀ ಅದು."

"ಕತ್ತರಿ ತರ್ತೀನಿ ಆಂಟಿ" ಅಂದಳು ಹುಡುಗಿ. "ಬಿಚ್ಚಿಬಿಡೋಣ, ಹತ್ತು ನಿಮಿಷದ ಕೆಲಸ."

"ನಾನೇ ಬಿಚ್ತೀನಿ" ಅಂದರು ಯಜಮಾನರು. "ಅವತ್ತು ಆ ಸ್ವೆಟರ್ ನೋಡಿ ಹಾಗನ್ನಬಾರದಿತ್ತು. ನಿನ್ನೆ ಇದನ್ನ ಮುಟ್ಟಬಾರದಿತ್ತು. ನಿನ್ನ ಕೆಲಸ ಕೆಡಿಸಿಬಿಟ್ಟೆ. ಕ್ಷಮಿಸು." ಅಷ್ಟು ವರ್ಷ ಹುಡುಕಿದ ಸರಿಯಾದ ಹೊತ್ತು, ನಲವತ್ತು ಜನ ಅಪರಿಚಿತರ ಮುಂದೆ ಸಿಕ್ಕಿತ್ತು.

ಮನೆಯೊಡತಿ ಹುಡುಗಿ ತಂದ ಕತ್ತರಿ ತೆಗೆದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು.

"ಬಿಚ್ಚೋದು ಬೇಡ" ಅಂದರು. "ಆ ಒಂಬತ್ತು ದಿನ ಇವರ ಮಂಚದ ಪಕ್ಕ ಕೂತು ನಾನು ಒಂದೇ ಬೇಡ್ಕೊಳ್ತಾ ಇದ್ದೆ. ಕಣ್ಣು ಬಿಟ್ಟು ಏನಾದ್ರೂ ಒಂದು ತಪ್ಪು ಹುಡುಕಲಿ ಅಂತ. ದಿಂಬು ಸರಿಯಿಲ್ಲ ಅನ್ನಲಿ, ನರ್ಸಿಗೆ ಸೂಜಿ ಹಿಡಿಯೋಕೆ ಬರಲ್ಲ ಅನ್ನಲಿ. ಕೆಂಪು ಉಣ್ಣೆ ಮಡಿಲಲ್ಲೇ ಇಟ್ಕೊಂಡು ಕಾದಿದ್ದೆ. ಒಂಬತ್ತು ದಿನದ್ದೂ ಈಗ ಒಟ್ಟಿಗೆ ಬಂದಿದೆ. ಇರಲಿ ಬಿಡು."

ಹುಡುಗಿ ಮೂಗು ಒರೆಸಿಕೊಂಡು ಚೀಟಿಯ ಕೆಳಗೆ ಪೆನ್ನಿನಲ್ಲಿ 'ತೂತನ್ನು ಪತಿಯೇ ಮುಚ್ಚಿದ್ದಾರೆ' ಎಂದು ಬರೆದಳು. ಅಲ್ಲಿಂದ ಮುಂದೆ ಜನ ಹೊದಿಕೆಗಿಂತ ಯಜಮಾನರನ್ನೇ ಹೆಚ್ಚು ನೋಡಿದರು. ಐದಾರು ಮಂದಿ ಅವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬ ಹೆಂಗಸು ತನ್ನ ಗಂಡನನ್ನು ಎಳೆದುಕೊಂಡು ಬಂದು, ಇವರನ್ನು ತೋರಿಸಿ, ಏನೋ ಕಿವಿಯಲ್ಲಿ ಹೇಳಿದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಯಜಮಾನರು ಘೋರ ಪ್ರತಿಜ್ಞೆ ಮಾಡಿದರು. ಇನ್ನು ಮೇಲೆ ತಪ್ಪು ಹುಡುಕುವುದಿಲ್ಲ. ಮುಂದಿನ ವರ್ಷದ ಹೊದಿಕೆ ಪೂರ್ತಿ ಹಳದಿಯಾಗಬೇಕು. ತುಟಿ ಬಿಗಿದು, ಕೈಕಟ್ಟಿ, ಎದುರಿನ ಸೀಟಿನ ಬೆನ್ನನ್ನೇ ನೋಡುತ್ತ ಕೂತರು. ಒಂದು ನಿಲ್ದಾಣ ದಾಟಿತು, ಎರಡು ದಾಟಿತು.

"ಏನ್ರೀ?" ಅಂದರು ಮನೆಯೊಡತಿ.

"ಏನಿಲ್ಲ. ಎಲ್ಲಾ ಚೆನ್ನಾಗಿದೆ."

ಆಕೆ ತಟ್ಟನೆ ತಿರುಗಿ ಕೂತರು. ಹಣೆ ಮುಟ್ಟಿದರು, ಕುತ್ತಿಗೆ ಮುಟ್ಟಿದರು. "ಬೆವರ್ತಾ ಇದೀರಿ. ಎದೆ ಹಿಡ್ಕೊಂಡಿದೆಯಾ? ಆಸ್ಪತ್ರೆಗೆ ಸೇರಿಸಿದ ದಿನಾನೂ ಹೀಗೇ ಎಲ್ಲಾ ಚೆನ್ನಾಗಿದೆ ಅಂತ ಸುಮ್ಮನೆ ಕೂತಿದ್ರಿ. ಕಂಡಕ್ಟರ್, ಬಸ್ಸು ನಿಲ್ಸಿ, ಇವರಿಗೆ ಹುಷಾರಿಲ್ಲ."

ಕಂಡಕ್ಟರ್ ಸೀಟಿ ಬಾಯಿಗಿಟ್ಟ. ಇಡೀ ಬಸ್ಸು ತಿರುಗಿ ನೋಡಿತು. ಹೆಂಡತಿಯ ಬೆರಳುಗಳು ತಮ್ಮ ಮಣಿಕಟ್ಟಿನ ಮೇಲೆ ಗಡಗಡ ನಡುಗುವುದು ಯಜಮಾನರಿಗೆ ತಿಳಿಯುತ್ತಿತ್ತು. ಪ್ರತಿಜ್ಞೆಗೆ ಅಷ್ಟೇ ಆಯುಸ್ಸು.

"ನನಗೇನು ಧಾಡಿ?" ಎಂದು ಗದರಿದರು. "ಈ ಕಿಟಕಿ ನೋಡು, ಸೊಟ್ಟಗೆ ಕೂರಿಸಿದಾನೆ. ಎರಡು ಮೊಳೆ ಕಮ್ಮಿ. ಸೀಟಿನ ಹೊಲಿಗೆ ಅಂತೂ ಕೇಳಲೇಬೇಡ. ಇದಕ್ಕೆ ಬಸ್ಸು ಅಂತಾರಾ?"

ಮನೆಯೊಡತಿ ಕಂಡಕ್ಟರನಿಗೆ ಬೇಡವೆಂದು ಕೈಯಾಡಿಸಿ, ಉಸಿರು ಬಿಟ್ಟು, ಸೀಟಿಗೆ ಒರಗಿದರು.

"ಇನ್ನೂ?" ಅಂದರು.

"ಆ ಚಿತ್ರಶಾಲೆಯಲ್ಲಿ ಟೀ ಕೊಟ್ರಲ್ಲ, ಅದು ಟೀನಾ? ಆ ಗಡ್ಡದವನ ಕೋಟಿನ ತೋಳು ಬೇರೆ, ಒಂದು ಉದ್ದ ಒಂದು ಗಿಡ್ಡ." ಯಜಮಾನರು ಬೆರಳು ಮಡಿಸುತ್ತ ಒಂದೊಂದೇ ಹೇಳುತ್ತ ಹೋದರು. ಮೂರನೆಯ ಬೆರಳು ಮಡಿಸುವಷ್ಟರಲ್ಲಿ ಆಕೆ ಅವರ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಮಾತು ನಿಲ್ಲಿಸಿದರೆ ಮತ್ತೆಲ್ಲಿ ಗಾಬರಿಯಾಗಿ ಎದ್ದಾರೋ ಎಂದು ಯಜಮಾನರು ಇಳಿಯುವ ನಿಲ್ದಾಣ ಬರುವವರೆಗೂ ದನಿ ತಗ್ಗಿಸಿ ಗೊಣಗುತ್ತಲೇ ಇದ್ದರು.