ತವರೆಂಬ ದ್ವೀಪಕ್ಕೆ ಹೊರಟದ್ದು

ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಮೇಲಧಿಕಾರಿ ಕಂಡರೆ. ಈ ಎರಡರ ಜೊತೆಗೂ ನಾನು ಹೇಗೋ ಹೊಂದಿಕೊಂಡು ಹೋಗಬಲ್ಲೆ. ನನ್ನ ಎದೆ ನಡುಗುವುದು ಸಣ್ಣ ವಿಮಾನವೆಂದರೆ ಮಾತ್ರ. ದೊಡ್ಡ ವಿಮಾನದಲ್ಲಾದರೆ ಸಿನಿಮಾ ನೋಡುತ್ತ, ಕೊಟ್ಟಿದ್ದನ್ನು ತಿನ್ನುತ್ತ, ಆಕಾಶದಲ್ಲಿದ್ದೇನೆ ಎಂಬುದನ್ನು ಮರೆತಿರಬಹುದು. ಸಣ್ಣದರಲ್ಲಿ ಆ ಸೌಕರ್ಯವಿಲ್ಲ. ಒಮ್ಮೆ ಕಚೇರಿ ಕೆಲಸಕ್ಕೆಂದು ನಾವಿರುವ ಆಕ್ಲೆಂಡಿನಿಂದ ಟೌರಂಗಾ ಎಂಬ ಊರಿಗೆ ಅಂಥದ್ದೊಂದರಲ್ಲಿ ಹೋಗಿದ್ದೆ. ಮೋಡದೊಳಗೆ ಅದು ಕುಲುಕಿದಾಗ ಕುರ್ಚಿಯ ಕೈ ಎಂದುಕೊಂಡು ನಾನು ಬಿಗಿಯಾಗಿ ಹಿಡಿದದ್ದು ಪಕ್ಕದ ಅಜ್ಜಿಯ ಮುಂಗೈಯನ್ನು. ಪುಣ್ಯಾತ್ಮಳು ಇಳಿಯುವ ತನಕ ಅದನ್ನು ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ನನಗೊಂದು ಪೆಪ್ಪರ್‌ಮಿಂಟು ಕೊಟ್ಟಳು. ಈ ಸಂಗತಿಯನ್ನು ಮನೆಯಲ್ಲಿ ಹೇಳಿರಲಿಲ್ಲ. ಗಂಡಸಿಗೆ ಮರ್ಯಾದೆ ಅಂತ ಒಂದಿರುತ್ತದಲ್ಲ!

ಹೀಗಿರುವಾಗ ನನ್ನ ಹೆಂಡತಿ ಸುಮಾಳ ತಮ್ಮ ರಾಘು ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ, ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ. ಎಷ್ಟು ಪುಟ್ಟದೆಂದರೆ, ಅಟ್ಲಾಸಿನಲ್ಲಿ ಅದನ್ನು ಚಹಾದ ಹನಿಯೆಂದು ತಿಳಿದು ನಾನು ಉಗುರಿನಿಂದ ಕೆರೆದಿದ್ದೆ. "ತಮ್ಮ ಇದ್ದಲ್ಲೇ ನನ್ನ ತವರುಮನಿ. ಒಮ್ಮೆ ಹೋಗಿ ಬರೋಣ್ರೀ" ಎಂದಳು ಸುಮಾ. ಅಪ್ಪ ಅಮ್ಮ ಇಲ್ಲದ ಆಕೆಗೆ ಉಳಿದಿರುವುದು ಅವನೊಬ್ಬನೇ. ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. "ಅದಕ್ಕೇನು, ಹೋಗೋಣಲ್ಲ!" ಎಂದು ಧಾರಾಳವಾಗಿ ಹೇಳಿಬಿಟ್ಟೆ. ಆಕ್ಲೆಂಡಿನಿಂದ ಅಮೆರಿಕದವರೆಗೆ ದೊಡ್ಡ ವಿಮಾನವೇ. ಕೊನೆಯ ತುಂಡು ದಾರಿಗೆ ಮಾತ್ರ ಬೇರೆ ಏರ್ಪಾಡು. ಅದರ ಚಿತ್ರವನ್ನು ಮಗಳು ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದಳು: "ಲುಕ್ ಡ್ಯಾಡ್, ಇಟ್ಸ್ ಎ ವ್ಯಾನ್ ವಿತ್ ವಿಂಗ್ಸ್!" ನಾನೂ ನಕ್ಕೆ. ಅಂದು ಊಟ ಸೇರಲಿಲ್ಲ.

ಟಿಕೆಟ್ಟು ತೆಗೆಸುವುದನ್ನು ಇವತ್ತು ನಾಳೆ ಎನ್ನುತ್ತ ತಳ್ಳಿದರೆ ಉತ್ಸಾಹ ತಾನಾಗಿಯೇ ಇಳಿದೀತು ಎಂದುಕೊಂಡೆ. ಆದರೆ ಸುದ್ದಿ ಆಗಲೇ ಹರಡಿತ್ತು. ನಮ್ಮ ಧಾರವಾಡದ ಕಡೆಯ ಮಂದಿ ಆಕ್ಲೆಂಡಿನ ಪಾಪಕುರಾದಲ್ಲಿ ಮನೆ ಮಾಡಿದರೂ ಉಡಿ ತುಂಬುವುದನ್ನು ಬಿಟ್ಟಿಲ್ಲ. ತವರಿಗೆ ಹೊರಟ ಹೆಣ್ಣುಮಗಳೆಂದು ಒಬ್ಬೊಬ್ಬರಾಗಿ ಊಟಕ್ಕೆ ಕರೆದು, ಸುಮಾಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಬಸದ ಕಣವೆಂಬ ರವಿಕೆ ಬಟ್ಟೆ ಹಾಕಿ ಕಳಿಸತೊಡಗಿದರು. ಏವನ್‌ಡೇಲಿನ ಭಾನುವಾರದ ಸಂತೆಗೆ ಬಂದ ತೆಂಗಿನಕಾಯಿಗಳೆಲ್ಲ ನಮ್ಮ ಗರಾಜು ಸೇರಿದವೇನೋ ಎನ್ನಿಸುತ್ತಿತ್ತು. ನಮ್ಮೆಲ್ಲರಿಗೂ ಹಿರಿಯರಾದ ಶಾಂತಕ್ಕನ ಮನೆಯಲ್ಲಿ ಉಣ್ಣುತ್ತ ಧೈರ್ಯ ಮಾಡಿ, "ಈ ವರ್ಷ ರಜಾ ಸಿಗೂದು ಕಷ್ಟ ಅದರೀ" ಎಂದೆ.

"ಹಂಗ ಅನಬ್ಯಾಡ್ರಿ!" ಶಾಂತಕ್ಕ ಗದರಿದರು. "ಉಡಿ ತುಂಬಿಸಿಕೊಂಡಾಕಿ ಹೊರಡದ ಕೂಡಬಾರದು. ಹೂಂ, ಇನ್ನೊಂದು ಹೋಳಿಗಿ ಹಾಕಿಸಿಕೋರಿ."

ಆಮೇಲೆ ಒಂದು ಶನಿವಾರ ಬೆಳಿಗ್ಗೆ ರಾಘುವಿನ ಫೋನು ಬಂತು. "ಭಾವಾ, ನೀವು ಬರಬ್ಯಾಡ್ರಿ. ನನಗ ರಜಾ ಸಿಕ್ಕದ, ನಾನ ಅಲ್ಲಿಗೆ ಬರತೀನಿ."

ಎದೆಯ ಮೇಲಿಂದ ಯಾರೋ ಬೀಸುವ ಕಲ್ಲು ಇಳಿಸಿದ ಹಾಗಾಯಿತು. ಕಿಟಕಿಯಾಚೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುತ್ತಿದ್ದ. ಆ ಕರ್ಕಶ ಸದ್ದು ಕೂಡ ಹಿತವೆನಿಸಿತು. ಆದರೂ ಮರ್ಯಾದೆ ನೋಡಿ, "ಛೇ, ನಾವ ಬರಬೇಕಂತ ಎಷ್ಟ್ ಆಸೆ ಇಟ್ಕೊಂಡಿದ್ವಿ!" ಎಂದೆ.

ರಾಘು ನಕ್ಕುಬಿಟ್ಟ. "ಸಾಕ್ ಬಿಡ್ರಿ ಭಾವಾ. ಅಕ್ಕ ಎಲ್ಲಾ ಹೇಳ್ಯಾಳ. ನಿದ್ದ್ಯಾಗ ಚಾದರದ ತುದಿ ಜಗ್ಗಿ ಸೊಂಟಕ್ಕ ವಿಮಾನದ ಬೆಲ್ಟಿನ ಗತೆ ಕಟ್ಕೋತೀರಂತ. ಅದಕ್ಕ, 'ನೀನ ಬಾ, ನಾ ಕರದೀನಂತ ಮಾತ್ರ ಅವರಿಗೆ ಹೇಳಬ್ಯಾಡ' ಅಂದ್ಲು... ಅಯ್ಯ, ಹೇಳೇಬಿಟ್ನೆಲ್ಲಾ!"

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸುಮಾಳ ಮೇಲೆ ಅಕ್ಕರೆ ಉಕ್ಕಿತು. ಆ ಅಕ್ಕರೆಗೋ ಏನೋ, ಎಷ್ಟೋ ದಿನಗಳ ಮೇಲೆ ಚೆನ್ನಾಗಿ ಹಸಿವೆಯೂ ಆಯಿತು. ಅಡುಗೆಮನೆಗೆ ಹೋಗಿ ಬಿಸಿ ಉಪ್ಪಿಟ್ಟು ಹಾಕಿಕೊಂಡೆ, ಮತ್ತೊಂದಿಷ್ಟು ಹಾಕಿಕೊಂಡೆ. ಸುಮಾ ಒಲೆಯ ಹತ್ತಿರ ನಿಂತು ಮೊಬೈಲಿನಲ್ಲಿ ಶಾಂತಕ್ಕನಿಗೆ ಸಮಾಧಾನ ಹೇಳುತ್ತಿದ್ದಳು. "ಹೌದ್ರೀ, ಉಡಿ ತುಂಬಿದ್ರಿ, ಖರೇ. ಈಗ ತವರ ನಮ್ಮನಿಗೆ ಬರಲಿಕ್ಕೆ ಹತ್ತೇದಲ್ರೀ! ನನಗೇನಿಲ್ಲ, ಪಾಪ, ಇವರಿಗೇ ಭಾಳ ಬ್ಯಾಸರಾಗೇದ. ಮುಂಜಾನಿಂದ ಬಾಯಾಗ ಏನೂ ಹಾಕಿಲ್ಲ. ತಡೀರಿ, ಅವರಿಗೇ ಕೊಡತೀನಿ."

ನನ್ನ ಮುಖವನ್ನೂ ನೋಡದೆ ಫೋನು ಕೈಗಿತ್ತಳು. ನಾನು ಬಾಯಲ್ಲಿದ್ದುದನ್ನು ಗಡಬಡಿಸಿ ನುಂಗಿ, ಸಾಧ್ಯವಾದಷ್ಟು ಸೋತ ದನಿಯಲ್ಲಿ ಹೇಳಿದೆ:

"ಏನ್ ಮಾಡೂದು ಶಾಂತಕ್ಕಾ, ನನ್ನ ನಸೀಬ."